ಜೊತೆಗೆ ಬಂದವರ ಸರದಿ

ಬೆಳಗಿನ ಹೊತ್ತು ಅವಳ ಬೆರಳುಗಳು ಅವಳ ಮಾತು ಕೇಳುತ್ತಿರಲಿಲ್ಲ. ಮೊಬೈಲ್ ಮಾತ್ರ ಸುಮ್ಮನಿರುತ್ತಿರಲಿಲ್ಲ. ಅವಳ ಹೊಲಿಗೆ ಅಂಗಡಿಯ ಪಕ್ಕದ ಕನ್ನಡಕದಂಗಡಿಯವನು ಇವತ್ತೂ ವಿಡಿಯೊ ಕಳಿಸಿದ್ದ. ಕಷಾಯ ಕುಡಿದರೆ ಸಂಧಿವಾತ ಮಂಗಮಾಯ. ನಿನ್ನೆ ಎಣ್ಣೆ, ಮೊನ್ನೆ ಉಪವಾಸ.

ಬಿಸಿನೀರಿನಲ್ಲಿ ಕೈ ಅದ್ದಿಕೊಂಡೇ ನೋಡಿದಳು. ಇನ್ನು ನೋಡಬಾರದೆಂದುಕೊಂಡು ಮತ್ತೊಮ್ಮೆ ನೋಡಿದಳು.

ಅವಳು ಹೊಲಿಗೆ ಅಂಗಡಿಗೆ ಬರುವಷ್ಟರಲ್ಲಿ ಅವನು ಗಾಜಿನಾಚೆ ಲೆನ್ಸ್ ಒರೆಸುತ್ತ ನಿಂತಿದ್ದ. ದಿನವಿಡೀ ಊರವರ ಕಣ್ಣನ್ನು ನಿರಾಳವಾಗಿ ದಿಟ್ಟಿಸುವ ಮನುಷ್ಯ, ಅವಳು ಕಂಡೊಡನೆ ತಲೆ ತಗ್ಗಿಸಿ, ಒರೆಸಿದ್ದನ್ನೇ ಒರೆಸುತ್ತಿದ್ದ.

"ವಿಡಿಯೊ ನೋಡಿದ್ರಾ?"

"ನೋಡ್ದೆ. ಕಷಾಯ ಮಾರೋನ ಮೀಸೆ ಚೆನ್ನಾಗಿತ್ತು."

"ತಮಾಷೆ ಬೇಡ ರೀ. ಒಂದ್ಸಲ ಟ್ರೈ ಮಾಡಿ. ಎಷ್ಟು ದಿನ ಅಂತ ಮಾತ್ರೆ ನುಂಗ್ತೀರಿ? ವಾಸಿ ಆಗ್ಬಿಡ್ಲಿ, ಅಮ್ಮನ ಹತ್ರ ನಮ್ಮ ವಿಷ್ಯ ಮಾತಾಡ್ತೀನಿ."

ವಾಸಿಯಾಗದಿದ್ದರೆ? ಆ ಪ್ರಶ್ನೆ ಹೊತ್ತೇ ಅವಳು ತನ್ನ ಅಂಗಡಿಯ ಶಟರ್ ಎತ್ತಿದಳು. ಅವತ್ತು ಒಂದೇ ಪ್ಯಾಂಟಿನ ಅಂಚನ್ನು ಹೊಲಿದು ಬಿಚ್ಚಿ, ಬಿಚ್ಚಿ ಹೊಲಿದಳು. ಕೂತಲ್ಲಿ ಕೂರಲಾಗಲಿಲ್ಲ. ಮಾತ್ರೆಯ ಡಬ್ಬಿಗೆ ಹೋದ ಕೈ ಅರ್ಧಕ್ಕೇ ನಿಂತಿತು. ಕೊನೆಗೆ ಮಾತ್ರೆ ಬಿಟ್ಟು ಕಷಾಯ ಕುಡಿಯತೊಡಗಿದಳು.

ಕೆಲವು ವಾರಗಳಲ್ಲಿ ಮಣಿಕಟ್ಟು ಊದಿಕೊಂಡಿತು. ಕತ್ತರಿ ಹಿಡಿಯಲಾಗದೆ ಆಸ್ಪತ್ರೆಗೆ ಓಡಿದಳು. ಡಾಕ್ಟರು ಬೈಯಲಿಲ್ಲ. ದೇಹವನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ ಇದು ಎಂದು ಮತ್ತೆ ಬಿಡಿಸಿ ಹೇಳಿ, ಪರೀಕ್ಷೆ ಮಾಡಿಸಿ, ಮಾತ್ರೆ ಶುರುಮಾಡಿಸಿದರು. ಈ ಕಾಯಿಲೆಯವರೇ ಸೇರುವ ಗುಂಪೊಂದು ಭಾನುವಾರ ಮೇಲಿನ ಮಹಡಿಯಲ್ಲಿ ಕೂರುತ್ತದೆ, ಮನೆಯವರನ್ನೂ ಕರೆತನ್ನಿ ಎಂದರು.

ಮನೆಯವರು ಎಂದಾಗ ಅವಳಿಗೆ ಹೊಳೆದದ್ದು ಪಕ್ಕದ ಅಂಗಡಿ. ಭಾನುವಾರ ಅವನನ್ನೇ ಕರೆತಂದಳು.

ಗುಂಪು ನಡೆಸುತ್ತಿದ್ದವರು ನಿವೃತ್ತ ನರ್ಸ್. ಎಲ್ಲರಿಗೂ ನರ್ಸಕ್ಕ. ಕುರ್ಚಿ ಬೆಚ್ಚಗಾಗುವ ಮೊದಲೇ ಕನ್ನಡಕದವನು ಕೈಯೆತ್ತಿದ.

"ಇವರಿಗೆ ಪೂರ್ತಿ ಯಾವಾಗ ವಾಸಿ ಆಗುತ್ತೆ?"

ಅವಳು ಕಿಟಕಿಯ ಕಡೆ ತಿರುಗಿದಳು.

"ಬುಡಸಮೇತ ಕಿತ್ತುಹಾಕೋ ಔಷಧ ಇನ್ನೂ ಬಂದಿಲ್ಲಪ್ಪ," ಎಂದರು ನರ್ಸಕ್ಕ. "ಹಿಡಿತದಲ್ಲಿಡೋ ಔಷಧ ಇದೆ. ಹೊಸದೇನಾದ್ರೂ ಕಿವಿಗೆ ಬಿದ್ರೆ, ಹೇಳೋನು ಏನು ಮಾರ್ತಿದ್ದಾನೆ ಅಂತ ಮೊದ್ಲು ನೋಡು. ಆಮೇಲೆ ಡಾಕ್ಟರನ್ನ ಕೇಳು. ಕೇಳ್ದೆ ಮಾತ್ರೆ ಮಾತ್ರ ಬಿಡಿಸ್ಬೇಡ."

ಅವನ ಮೊಣಕಾಲು ಕುಣಿಯತೊಡಗಿತು. ಇನ್ನು ಎದ್ದು ಹೋಗುತ್ತಾನೆ, ಅದಕ್ಕೆ ಮೊದಲು ನಾನೇ ಹೋಗುವುದು ಮೇಲು ಎಂದು ಅವಳು ಬ್ಯಾಗಿನ ಪಟ್ಟಿ ಹೆಗಲಿಗೇರಿಸಿದಳು.

"ಈಗ ಜೊತೆಗೆ ಬಂದವರ ಸರದಿ," ಎಂದರು ನರ್ಸಕ್ಕ. "ಅವರವರ ನೋವು ಅವರೇ ಹೇಳ್ಕೋತಾರೆ. ನೀವು ನಿಮ್ಮದು ಹೇಳ್ಬೇಕು. ಇಲ್ಲಿನ ಪದ್ಧತಿ ಅದು."

"ನಂಗೇನೂ ಆಗಿಲ್ವಲ್ಲ."

"ಅದಕ್ಕೇ ಕಾಲು ಹಾಗೆ ಕುಣೀತಿದೆಯಾ?" ಹಿಂದಿನ ಸಾಲಿನ ಅಜ್ಜ ಕೇಳಿದರು. ಎಲ್ಲರೂ ನಕ್ಕರು. ಅವನೂ ಸ್ವಲ್ಪ ನಕ್ಕ. ಆಮೇಲೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬೆಳಿಗ್ಗೆ ಇವರ ಅಂಗಡಿ ಶಟರ್ ಸದ್ದು ಕೇಳೋವರೆಗೂ ನಂಗೆ ಕೆಲಸ ಓಡಲ್ಲ. ತಡವಾದ್ರೆ, ಇವತ್ತು ಕೈ ಎಷ್ಟು ನೋಯ್ತಿದ್ಯೋ ಅನ್ಸುತ್ತೆ. ಹೋಗಿ ಎತ್ತಿಕೊಡೋಣ ಅಂದ್ರೆ, ಏನಂದ್ಕೋತಾರೋ. ಸುಮ್ನೆ ಕೂರೋಕಾಗ್ದೆ ಏನೇನೋ ಹುಡುಕಿ ಕಳಿಸ್ತೀನಿ." ಅವನ ದನಿ ಇಳಿಯಿತು. "ಹೆದರಿಕೆ ನಂದು. ಕಷಾಯ ಕುಡಿದಿದ್ದು ಇವರು."

ಬ್ಯಾಗು ಹೆಗಲಿಂದ ಜಾರಿತು. ಅವಳು ಎತ್ತಿಕೊಳ್ಳಲಿಲ್ಲ.

ಸಭೆ ಮುಗಿದು ಮೆಟ್ಟಿಲಿಳಿಯುವಾಗ ಅವಳೇ ಕೇಳಿದಳು. "ವಾಸಿ ಆದ್ಮೇಲೆ ಅಮ್ಮನ ಹತ್ರ ಮಾತಾಡ್ತೀನಿ ಅಂದಿದ್ರಿ. ಈಗ?"

"ಅಮ್ಮ ಏನಂತಾಳೋ ಅಂತ ಹೆದರಿ ಅಂದಿದ್ದು."

"ಹೆದರಿಕೆ ಹೋಯ್ತಾ?"

"ಎಲ್ಲಿ ಹೋಗುತ್ತೆ. ಸಂಜೆ ಮನೆಗೆ ಬರ್ತೀರಾ? ಒಟ್ಟಿಗೆ ಹೇಳೋಣ. ಈ ಕಾಯಿಲೆ ಹೋಗಲ್ಲ ಅಂತಾನೂ ಹೇಳೋಣ, ಮದ್ವೆ ಆಗ್ತೀವಿ ಅಂತಾನೂ ಹೇಳೋಣ."

ಅವಳು ಅವನ ಮುಖವನ್ನು ದಿಟ್ಟಿಸಿದಳು. ಈ ಸಲ ಅವನು ತಲೆ ತಗ್ಗಿಸಲಿಲ್ಲ. ಅವನ ಕೈ ಅವಳ ಕೈಯತ್ತ ಬಂತು.

"ಬೆರಳು ಹಿಡ್ಕೊಂಡ್ರೆ ನೋಯುತ್ತೆ."

ಬಿಸಿ ತಾಗಿದಂತೆ ಅವನು ಕೈ ಹಿಂತೆಗೆದ.

"ಪೂರ್ತಿ ಕೇಳಿಸ್ಕೊಳ್ಳೋದೇ ಇಲ್ಲ ನೀವು. ಮೊಣಕೈ ಹಿಡ್ಕೊಳ್ಳಿ. ಅಲ್ಲಿ ನೋವಿಲ್ಲ."

ಅವನು ಹಿಡಿದುಕೊಂಡ. ಇಳಿಯುವುದು ಬಹಳ ನಿಧಾನವಾಯಿತು. ಹಿಂದೆ ಬರುತ್ತಿದ್ದ ಅಜ್ಜ ದಾರಿ ಬಿಡಿ ಎನ್ನಲಿಲ್ಲ. ಕಂಬಿ ಹಿಡಿದು, ಬೇರೆ ಕಡೆ ನೋಡುತ್ತ, ಅವರು ಇಳಿಯಲೆಂದು ಕಾದರು.