ಹಿಂದಕ್ಕೆ ಬಾಗಿದ ರೆಕ್ಕೆ ಎತ್ತಿದ್ದೆಷ್ಟು?

"ಎಷ್ಟು? ಬೇಗ ಹೇಳೇ, ಕೈ ನೋಯ್ತಿದೆ!" ಫ್ಯಾನಿನ ಹಿಂದಿನಿಂದ ಕಡ್ಡಿ ಕೂಗಿದಳು.

ಚೂಟಿ ನೆಲದ ಮೇಲೆ ಬೋರಲು ಮಲಗಿ ಅಜ್ಜಿಯ ತೂಕದ ಯಂತ್ರವನ್ನೇ ನೋಡುತ್ತಿದ್ದಳು. ಅದರಲ್ಲಿ ಹದಿನಾರು ಎಂದಿತ್ತು. ಕಣ್ಣುಜ್ಜಿಕೊಂಡು ನೋಡಿದಳು. ಆಗಲೂ ಹದಿನಾರೇ ಇತ್ತು.

ಇಬ್ಬರೂ ಐದನೇ ಕ್ಲಾಸು. ಕಡ್ಡಿ ತುಂಬಾ ಸಣ್ಣಗಿದ್ದಳು, ಹಾಗಾಗಿ ಕ್ಲಾಸಿನವರೆಲ್ಲ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಚೂಟಿ ಎಂಬ ಹೆಸರು ಅಜ್ಜಿ ಇಟ್ಟದ್ದು. ಯಾಕಾದರೂ ಇಟ್ಟೆನೋ ಎಂದು ಅಜ್ಜಿಯೇ ವಾರಕ್ಕೊಮ್ಮೆ ಹೇಳುತ್ತಿದ್ದರು.

ಸೋಮವಾರ ಶಾಲೆಯಲ್ಲಿ ಸೈನ್ಸ್ ಎಕ್ಸಿಬಿಷನ್ ಇತ್ತು. ಅದಕ್ಕಾಗಿ ಇಬ್ಬರೂ ಸೇರಿ ಚೂಟಿಯ ಮನೆಯ ಹಾಲ್‌ನಲ್ಲಿ ಒಂದು ಗಾಳಿ ಸುರಂಗ ಕಟ್ಟಿದ್ದರು. ಸುರಂಗ ಎಂದರೆ ಎರಡೂ ಕಡೆ ತೆರೆದ ರಟ್ಟಿನ ಪೆಟ್ಟಿಗೆ. ಅದರ ಒಂದು ಬಾಯಿಗೆ ಟೇಬಲ್ ಫ್ಯಾನ್. ಫ್ಯಾನಿನ ಗಾಳಿ ಸುತ್ತಿ ಸುತ್ತಿ ಬರುತ್ತದೆ, ಅದು ನೆಟ್ಟಗೆ ಹೋಗಲಿ ಎಂದು ಮುನ್ನೂರು ಸ್ಟ್ರಾಗಳನ್ನು ಒತ್ತೊತ್ತಾಗಿ ಜೋಡಿಸಿದ್ದರು. ಸ್ಟ್ರಾಗಳ ಆಚೆ ತೂಕದ ಯಂತ್ರ, ಅದರ ಮೇಲೆ ಒಂದು ಕೋಲು, ಕೋಲಿನ ತುದಿಯಲ್ಲಿ ಥರ್ಮಾಕೋಲಿನ ರೆಕ್ಕೆ. ಮೊದಲು ಯಂತ್ರವನ್ನು ಸೊನ್ನೆಗೆ ತರಬೇಕು. ಆಮೇಲೆ ಫ್ಯಾನ್ ಹಾಕಿದರೆ ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ. ಎಷ್ಟು ಗ್ರಾಂ ಕಡಿಮೆಯಾಯಿತೋ ರೆಕ್ಕೆ ಅಷ್ಟು ಎತ್ತಿತು ಎಂದು ಲೆಕ್ಕ.

"ಗಾಳೀನೂ ತೂಗ್ತೀರಾ? ತೂಗಿ ತೂಗಿ. ಸಂಜೆ ಹಿಟ್ಟು ತೂಗೋಕೆ ಯಂತ್ರ ವಾಪಸ್ ಬೇಕು ನಂಗೆ," ಎಂದಿದ್ದರು ಅಜ್ಜಿ.

ಫ್ಯಾನಿನ ಕತ್ತು ಸಡಿಲವಾಗಿತ್ತು. ಯಾರಾದರೂ ಹಿಡಿದುಕೊಳ್ಳದಿದ್ದರೆ ಅದು ತಲೆ ತಗ್ಗಿಸಿ ನೆಲಕ್ಕೆ ಗಾಳಿ ಹಾಕುತ್ತಿತ್ತು. ಹಾಗಾಗಿ ಒಬ್ಬರು ಕತ್ತು ಹಿಡಿಯಬೇಕು, ಇನ್ನೊಬ್ಬರು ತೂಕ ಓದಬೇಕು.

ಒಪ್ಪಂದ ಸರಳವಾಗಿತ್ತು. ಕಡ್ಡಿ ನೇರ ರೆಕ್ಕೆ ಮಾಡುವುದು, ಚೂಟಿ ಹಿಂದಕ್ಕೆ ಬಾಗಿದ ರೆಕ್ಕೆ ಮಾಡುವುದು. ಯಾರದ್ದು ಹೆಚ್ಚು ಎತ್ತುತ್ತದೋ ಅವರು ಸೋಮವಾರ ಎಲ್ಲರ ಮುಂದೆ ಮೈಕ್ ಹಿಡಿದು ವಿವರಿಸುವುದು. ಸೋತವರು ಫ್ಯಾನಿನ ಕತ್ತು ಹಿಡಿಯುವುದು.

ಚೂಟಿಗೆ ತನ್ನ ಗೆಲುವಿನ ಬಗ್ಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ದೊಡ್ಡ ವಿಮಾನಗಳಿಗೆಲ್ಲ ಹಿಂದಕ್ಕೆ ಬಾಗಿದ ರೆಕ್ಕೆಯೇ ತಾನೇ ಇರುವುದು? ಮೈಕ್‌ನಲ್ಲಿ ಏನು ಹೇಳಬೇಕೆಂದು ಬರೆದು ಬಾಯಿಪಾಠವನ್ನೂ ಮಾಡಿದ್ದಳು. ಅಜ್ಜಿಯ ಮುಂದೆ ನಾಲ್ಕು ಸಲ ಒಪ್ಪಿಸಿದ್ದಳು. ನಾಲ್ಕನೇ ಸಲಕ್ಕೆ ಅಜ್ಜಿ ನಿದ್ದೆ ಹೋಗಿದ್ದರು.

ಕಡ್ಡಿಯ ನೇರ ರೆಕ್ಕೆ ಆಗಲೇ ಇಪ್ಪತ್ತಮೂರು ಗ್ರಾಂ ಎತ್ತಿತ್ತು. ಈಗ ನೋಡಿದರೆ ಹದಿನಾರು.

"ಏಯ್, ನಿದ್ದೆ ಬಂತಾ? ಎಷ್ಟೇ?"

"ಇಪ್ಪತ್ತೇಳು," ಎಂದಳು ಚೂಟಿ.

ಫ್ಯಾನ್ ನಿಂತಿತು. ಯಂತ್ರ ತನ್ನ ಪಾಡಿಗೆ ಸೊನ್ನೆಗೆ ಬಂತು. ಕಡ್ಡಿ ಕೈ ಜಾಡಿಸುತ್ತಾ ಎದ್ದು, "ಅಬ್ಬಾ! ನಾಲ್ಕು ಗ್ರಾಂ ಜಾಸ್ತಿ! ಬರ್ಕೋ," ಎಂದಳು. ಚೂಟಿ ನೋಟ್‌ಬುಕ್ಕಿನಲ್ಲಿ ದುಂಡಗಿನ ಅಕ್ಷರದಲ್ಲಿ ಇಪ್ಪತ್ತೇಳು ಎಂದು ಬರೆದಳು. ಅವಳ ಅಕ್ಷರ ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ.

ಕಡ್ಡಿ ತನ್ನ ರೆಕ್ಕೆಯನ್ನು ಹಳೇ ಟವೆಲ್‌ನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ನಾಲ್ಕು ದಿನ ಕೂತು, ಮರಳು ಕಾಗದದಲ್ಲಿ ಉಜ್ಜಿ ಉಜ್ಜಿ ಮಾಡಿದ ರೆಕ್ಕೆ ಅದು.

"ನಾನು ಎಲ್ಲಿ ತಪ್ಪಿದೆ ಅಂತ ಮನೇಲಿ ನೋಡ್ತೀನಿ," ಎಂದು ಹೊರಟಳು.

ಅದು ಬುಧವಾರ. ಶನಿವಾರ ಶಾಲೆಗೆ ರಜೆ. ಅಜ್ಜಿ ಹಲ್ಲು ಕೀಳಿಸಿಕೊಳ್ಳಲು ಹೋಗಬೇಕಿತ್ತು. ಹಾಗಾಗಿ ಅಮ್ಮ ಚೂಟಿಯನ್ನು ತನ್ನ ಜೊತೆ ಕೆಲಸಕ್ಕೆ ಕರೆದುಕೊಂಡು ಹೋದರು.

ಅಮ್ಮ ಕೆಲಸ ಮಾಡುತ್ತಿದ್ದುದು ವಿಮಾನದ ಮಾದರಿಗಳನ್ನು ಪರೀಕ್ಷಿಸುವ ನಿಜವಾದ ಗಾಳಿ ಸುರಂಗದಲ್ಲಿ. ಸ್ಟ್ರಾ ಜೋಡಿಸುವ ಉಪಾಯ ಹೇಳಿಕೊಟ್ಟವರೂ ಅವರೇ. ಅಲ್ಲಿಯ ಫ್ಯಾನ್ ಎರಡು ಆಳು ಎತ್ತರವಿತ್ತು. ಅದರ ಕತ್ತನ್ನು ಯಾರೂ ಹಿಡಿದುಕೊಂಡಿರಲಿಲ್ಲ. ಸುರಂಗದ ನಡುವೆ ಒಂದು ಕಂಬ, ಕಂಬದ ಮೇಲೆ ವಿಮಾನದ ಸಣ್ಣ ಮಾದರಿ. ಅದರ ರೆಕ್ಕೆಗಳು ಚೂಟಿಯ ರೆಕ್ಕೆಯಂತೆಯೇ ಹಿಂದಕ್ಕೆ ಬಾಗಿದ್ದವು.

ಆ ರೆಕ್ಕೆಗಳ ತುಂಬ ಸಣ್ಣ ಸಣ್ಣ ಉಲ್ಲನ್ ದಾರದ ತುಂಡುಗಳನ್ನು ಅಂಟಿಸಿದ್ದರು. ಒಟ್ಟು ಇನ್ನೂರ ಹದಿನೆಂಟು. ಅಂಟಿಸಿದವರು ಅಮ್ಮ.

"ಇದಕ್ಕೇನಾ ನಿಂಗೆ ಸಂಬಳ ಕೊಡೋದು?" ಚೂಟಿ ಕೇಳಿದಳು.

"ಇದಕ್ಕೂ ಕೊಡ್ತಾರೆ," ಎಂದರು ಅಮ್ಮ. "ಗಾಳಿ ಕಣ್ಣಿಗೆ ಕಾಣಲ್ಲ ಅಲ್ವಾ? ದಾರ ಕಾಣುತ್ತೆ. ದಾರ ನೆಟ್ಟಗೆ ಮಲಗಿದ್ರೆ ಗಾಳಿ ರೆಕ್ಕೆಗೆ ಅಂಟ್ಕೊಂಡು ಹೋಗ್ತಿದೆ ಅಂತ. ಒದ್ದಾಡಿದ್ರೆ ಕೆಲಸ ಕೆಟ್ಟಿದೆ ಅಂತ."

ಸುರಂಗದ ಗಾಜಿನ ಗೋಡೆಯ ಈಚೆಯ ಕೋಣೆಯಲ್ಲಿ ಒಬ್ಬ ಇಂಜಿನಿಯರ್ ಕುಳಿತಿದ್ದರು. ಆ ರೆಕ್ಕೆಗೆ ನಕ್ಷೆ ಹಾಕಿದವರು ಅವರೇ, ಎರಡು ವರ್ಷದಿಂದ ಇದೇ ಕೆಲಸದಲ್ಲಿದ್ದಾರೆ ಎಂದು ಅಮ್ಮ ಪಿಸುಗುಟ್ಟಿದರು. ಅವರು ಚೂಟಿಗೆ ಒಂದು ಸ್ಟೂಲ್ ಕೊಟ್ಟು, "ಏನೂ ಮುಟ್ಬೇಡಮ್ಮ," ಎಂದರು. ಚೂಟಿ ಸ್ಟೂಲನ್ನೂ ಮುಟ್ಟದಂತೆ ಕುಳಿತುಕೊಳ್ಳಲು ಪ್ರಯತ್ನಿಸಿದಳು.

ಫ್ಯಾನ್ ಶುರುವಾಯಿತು. ದಾರಗಳೆಲ್ಲ ಬಾಚಿದ ಕೂದಲಿನಂತೆ ಹಿಂದಕ್ಕೆ ಮಲಗಿದವು. ಮಾದರಿಯ ಮೂಗು ಸ್ವಲ್ಪ ಸ್ವಲ್ಪವೇ ಮೇಲೇರಿತು. ಮೂಗು ಎಷ್ಟು ಡಿಗ್ರಿ ಏರಿತು, ದಾರ ಹೇಗಿದೆ ಎಂದು ಅಮ್ಮ ನೋಡಿ ಹೇಳುವುದು, ಇಂಜಿನಿಯರ್ ಅದನ್ನೇ ಬಾಯಲ್ಲಿ ಹೇಳಿಕೊಂಡು ಬರೆಯುವುದು.

"ಎಂಟು ಡಿಗ್ರಿ. ಎಲ್ಲ ನೆಟ್ಟಗಿದೆ ಸರ್."

"ಎಂಟು. ನೆಟ್ಟಗಿದೆ."

"ಹತ್ತು ಡಿಗ್ರಿ." ಅಮ್ಮ ಗಾಜಿಗೆ ಮೂಗು ತಾಗಿಸಿದರು. "ತುದಿಯ ದಾರಗಳು ಒದ್ದಾಡ್ತಿವೆ ಸರ್."

"ಹತ್ತಕ್ಕೇನಾ? ಹದಿನಾಲ್ಕರ ತನಕ ತಡೀಬೇಕಿತ್ತಲ್ಲ ಮೇಡಂ."

"ಹತ್ತಕ್ಕೇ ಸರ್."

ಇಂಜಿನಿಯರ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಗಾಜಿನಾಚೆ ನೋಡಿದರು. ಕನ್ನಡಕದಲ್ಲಿ ಏನೂ ತೊಂದರೆಯಿರಲಿಲ್ಲ.

"ಹತ್ತು," ಎಂದು ಬಾಯಲ್ಲಿ ಹೇಳಿ, ಹತ್ತು ಎಂದೇ ಬರೆದರು.

ಚೂಟಿಗೆ ತಡೆಯಲಾಗಲಿಲ್ಲ. "ಅಂಕಲ್, ನಿಮಗೆ ಬೇಜಾರಾಗ್ಲಿಲ್ವಾ?"

"ತುಂಬಾ ಆಯ್ತು," ಎಂದರು ಇಂಜಿನಿಯರ್. "ಊಟ ಮಾಡ್ಕೊಂಡು ಬರ್ತೀನಿ." ಪೆನ್ನಿಗೆ ಕ್ಯಾಪ್ ಹಾಕಿ ಎದ್ದು ಹೋದರು.

ಅಮ್ಮ ಡಬ್ಬಿ ಬಿಚ್ಚಿ ಚೂಟಿಯ ಮುಂದಿಟ್ಟರು. ಚೂಟಿ ಎರಡು ತುತ್ತು ತಿಂದು, "ಅಮ್ಮಾ, ಬಾಗಿದ ರೆಕ್ಕೆನೇ ಅಲ್ವಾ ಬೆಸ್ಟು?" ಎಂದು ಕೇಳಿದಳು.

"ಯಾವಾಗ ಅಂತ ನೋಡ್ಬೇಕು. ತುಂಬಾ ಸ್ಪೀಡಾಗಿ ಹೋಗುವಾಗ ಬೆಸ್ಟು. ಶಬ್ದದ ವೇಗದ ಹತ್ತಿರ ಹೋದ್ರೆ ಗಾಳಿ ನೇರ ರೆಕ್ಕೆಯನ್ನ ಸಿಕ್ಕಾಪಟ್ಟೆ ತಡೆಯುತ್ತೆ. ಬಾಗಿದ್ದು ನುಸುಳ್ಕೊಂಡು ಹೋಗುತ್ತೆ. ಆದ್ರೆ ನಿಧಾನಕ್ಕೆ ಹೋಗುವಾಗ ಅದು ಎತ್ತೋದು ಕಡಿಮೆನೇ. ನಿಮ್ಮದು ಎಷ್ಟು ಬಂತು?"

"ನೇರದ್ದು ಇಪ್ಪತ್ತಮೂರು. ನಂದು... ಇಪ್ಪತ್ತೇಳು."

ಅಮ್ಮನ ಕೈ ಡಬ್ಬಿಯ ಮೇಲೆ ನಿಂತಿತು. "ಟೇಬಲ್ ಫ್ಯಾನ್‌ನಲ್ಲಿ? ಸಾಧ್ಯಾನೇ ಇಲ್ಲ. ತೂಕದ ಯಂತ್ರ ಕೆಟ್ಟಿರ್ಬೇಕು. ಅಜ್ಜಿಗೆ ಹೇಳಿ ಹೊಸದು ತರೋಣ."

ಅಜ್ಜಿಯ ಯಂತ್ರ ಹನ್ನೊಂದು ವರ್ಷದಿಂದ ಮನೆಯಲ್ಲಿತ್ತು. ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಚೂಟಿ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ವಾಪಸ್ ಇಟ್ಟಳು. ಆ ಯಂತ್ರದ ಬಗ್ಗೆ ಅವಳಿಗೆ ಪಾಪ ಅನಿಸಿತು. ಆಮೇಲೆ ಕಡ್ಡಿಯ ಬಗ್ಗೆ ಅನಿಸಿತು. ಕೊನೆಗೆ ತನ್ನ ಮೇಲೇ ಸಿಟ್ಟು ಬಂತು.

"ಯಂತ್ರ ಸರಿಯಾಗಿದೆ ಅಮ್ಮ," ಎಂದಳು.

ಅಮ್ಮ ಅವಳ ಮುಖ ನೋಡಿದರು. "ಸಂಜೆ ಹೋಗ್ತಾ ಕಡ್ಡಿ ಮನೆ ಹತ್ರ ಇಳಿಸ್ಲಾ?" ಎಂದರು.

ಚೂಟಿ ತಲೆಯಾಡಿಸಿದಳು.

ಕಡ್ಡಿ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಮೊಣಕಾಲ ಮೇಲೆ ಆ ಹಳೇ ಟವೆಲ್, ಟವೆಲ್ ಮೇಲೆ ರೆಕ್ಕೆ. ಅದು ನೇರವಾಗಿರಲಿಲ್ಲ. ನಡುವೆ ಕತ್ತರಿಸಿ, ಎರಡೂ ತುಂಡುಗಳನ್ನು ಹಿಂದಕ್ಕೆ ಬಾಗಿಸಿ ಅಂಟು ಹಾಕಿದ್ದಳು. ಅಂಟು ಕಚ್ಚಿಕೊಳ್ಳಲಿ ಎಂದು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು.

"ನೋಡು ಬಾ," ಎಂದಳು ಕಡ್ಡಿ. "ನಿಂದರ ಥರಾನೇ ಮಾಡ್ದೆ. ಇನ್ನೂ ಸ್ವಲ್ಪ ಬಾಗಿಸ್ಬೇಕಾ?"

ಚೂಟಿಗೆ ದಾರಿಯಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು.

"ಹದಿನಾರು," ಎಂದಳು.

"ಏನು ಹದಿನಾರು?"

"ನನ್ನ ರೆಕ್ಕೆ ಎತ್ತಿದ್ದು. ಇಪ್ಪತ್ತೇಳಲ್ಲ. ನಾನು ಸುಳ್ಳು ಹೇಳ್ದೆ. ನಿಂದೇ ಗೆದ್ದಿದ್ದು ಕಣೇ."

ಕಡ್ಡಿ ಹೆಬ್ಬೆರಳು ಎತ್ತಲಿಲ್ಲ. ಅಂಟು ಒತ್ತುತ್ತಲೇ ಇದ್ದಳು. ರಸ್ತೆಯಲ್ಲಿ ಒಂದು ಸೈಕಲ್ ಹೋಯಿತು. ಅದು ತಿರುವು ದಾಟುವ ತನಕ ಇಬ್ಬರೂ ಅದನ್ನೇ ನೋಡಿದರು.

"ಕತ್ತರಿಸಿಬಿಟ್ನಲ್ಲ," ಎಂದಳು ಕಡ್ಡಿ ಕೊನೆಗೆ. ಅವಳ ದನಿ ಜೋರಾಗಿರಲಿಲ್ಲ. ಜೋರಾಗಿ ಬೈದಿದ್ದರೆ ಚೂಟಿಗೆ ಎಷ್ಟೋ ಸುಲಭವಾಗುತ್ತಿತ್ತು.

"ನಾನು ಹೊಸದು ಮಾಡ್ಕೊಡ್ತೀನಿ."

"ನಿಂಗೆ ಉಜ್ಜೋಕೆ ಬರಲ್ಲ."

ಅದು ನಿಜವಾಗಿತ್ತು. ಆದರೂ ಥರ್ಮಾಕೋಲ್ ಚೂಟಿಯೇ ತಂದಳು. ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಕಡ್ಡಿ ಹೇಳಿದ ಕಡೆ, ಹೇಳಿದಷ್ಟೇ ಉಜ್ಜಿದಳು. ಥರ್ಮಾಕೋಲಿನ ಪುಡಿ ಇಬ್ಬರ ತಲೆಯ ಮೇಲೂ ಬಿದ್ದಿತ್ತು. ಒಸಡು ಊದಿಸಿಕೊಂಡು ಕುಳಿತಿದ್ದ ಅಜ್ಜಿ ಬೈಯಲಾಗದೆ ಕಣ್ಣಲ್ಲೇ ಗದರಿಸಿದರು.

ಈ ಸಲ ಚೂಟಿ ಫ್ಯಾನಿನ ಕತ್ತು ಹಿಡಿದಳು. ಕಡ್ಡಿ ಬೋರಲು ಮಲಗಿದಳು. ಹೊಸ ನೇರ ರೆಕ್ಕೆ ಹಳೆಯದರಷ್ಟು ನುಣುಪಾಗಿರಲಿಲ್ಲ.

"ಇಪ್ಪತ್ತೊಂದು," ಎಂದಳು ಕಡ್ಡಿ.

ಆಮೇಲೆ ಚೂಟಿಯ ಬಾಗಿದ ರೆಕ್ಕೆ ಇಟ್ಟರು. ಫ್ಯಾನ್ ತಿರುಗಿತು. ಚೂಟಿಯ ಕೈ ನೋಯತೊಡಗಿತು. ಬುಧವಾರ ಕಡ್ಡಿ ಎಷ್ಟು ಹೊತ್ತು ಹೀಗೆ ಹಿಡಿದುಕೊಂಡಿದ್ದಳೋ ಎಂದು ಮೊದಲ ಸಲ ಯೋಚಿಸಿದಳು.

"ಹದಿನಾರು."

ಫ್ಯಾನ್ ಆರಿಸಿ, ಚೂಟಿ ನೋಟ್‌ಬುಕ್ ತೆಗೆದುಕೊಂಡಳು. ಇಪ್ಪತ್ತೇಳರ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ಹದಿನಾರು ಎಂದು ಬರೆದಳು.

"ಬರ್ದ್ಯಾ?" ಕಡ್ಡಿ ಕೇಳಿದಳು.

"ಬರ್ದೆ."

ಕಡ್ಡಿ ನೆಲದಿಂದ ಎದ್ದಳು. ಪೆಟ್ಟಿಗೆಗೆ ಸುತ್ತು ಹಾಕಿ ಈ ಕಡೆ ಬಂದು, ಕುತ್ತಿಗೆ ಉದ್ದ ಮಾಡಿ ನೋಟ್‌ಬುಕ್ಕಿನೊಳಗೆ ನೋಡಿದಳು. ಒಂದನೇ ಕ್ಲಾಸಿನಿಂದ ಇಬ್ಬರೂ ಒಂದೇ ಬೆಂಚು. ಚೂಟಿ ಬರೆದದ್ದು ಸರಿಯೇ ಎಂದು ಕಡ್ಡಿ ಇದುವರೆಗೆ ಒಂದು ಸಲವೂ ನೋಡಿರಲಿಲ್ಲ.

ಚೂಟಿ ಕಡ್ಡಿಗೆ ನೇರವಾಗಿ ಕಾಣುವಂತೆ ನೋಟ್‌ಬುಕ್ ತಿರುಗಿಸಿ ಹಿಡಿದಳು. ಅವಳು ಓದಿ ಮುಗಿಸುವ ತನಕ ಹಾಗೇ ಹಿಡಿದುಕೊಂಡಿದ್ದಳು.