ಕಣ್ಣು ಬಿಡದ ಮಿಂಚುಳ್ಳಿ

“ಮೊದಲು ಸಹಿ ಹಾಕಿ. ಆಮೇಲೆ ಚಿತ್ರ ತೋರಿಸ್ತೇನೆ.”

ವಿನುತಾ ಹೀಗೆಂದಾಗ ದಿನಕರ ಉಳಿಯನ್ನು ಕೆಳಗಿಟ್ಟು ತಲೆಯೆತ್ತಿದ. ಅವನ ರೆಪ್ಪೆಯ ಮೇಲೂ ಮರದ ಪುಡಿ ಕೂತಿತ್ತು. ಕುಮಟೆಯ ಆ ಶೆಡ್ಡಿಗೆ ಬಾಗಿಲು ಕೆತ್ತಿಸುವವರು ಬರುತ್ತಿದ್ದರು, ದೇವರ ಪೀಠ ಮಾಡಿಸುವವರು ಬರುತ್ತಿದ್ದರು. ಎದೆಗೆ ಫೈಲು ಅವಚಿಕೊಂಡು ಕರಾರುಪತ್ರ ಚಾಚಿದವಳು ಇವಳೊಬ್ಬಳೇ!

“ಎಂತ ಬರ್ದದೆ ಇದ್ರಲ್ಲಿ?”

“ನನ್ನ ವಿನ್ಯಾಸಗಳನ್ನು ಬೇರೆ ಯಾರಿಗೂ ತೋರಿಸೋದಿಲ್ಲ, ಬಟ್ಟೆಗೆ ಒತ್ತುವ ಅದೇ ಅಚ್ಚನ್ನು ಇನ್ನೊಬ್ಬರಿಗೆ ಕೆತ್ತಿ ಕೊಡೋದಿಲ್ಲ ಅಂತ.”

“ಓಹೋ... ನಾ ಕಳ್ಳ ಅಂದೇಳಿ ಬರೂಕೆ ಮೊದ್ಲೇ ಗೊತ್ತಾತಾ ನಿಮ್ಗೆ?”

ಅವಳ ಮುಖ ಕೆಂಪಾಯಿತು. ಆದರೂ ಪೆನ್ನು ಹಿಂದೆಗೆದುಕೊಳ್ಳಲಿಲ್ಲ. ಅವನು ನಕ್ಕು ಸಹಿ ಹಾಕಿದ. ಹನ್ನೊಂದು ಚಿತ್ರಗಳನ್ನು ಒಂದೊಂದಾಗಿ ನೋಡಿದ. ಏಡಿ, ಚಿಪ್ಪು, ಅಳಿವೆಯ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರು... ಕೊನೆಯದು, ಬೇರಿನ ಮೇಲೆ ಕೂತ ಮಿಂಚುಳ್ಳಿ. ಅದನ್ನು ಬೆಳಕಿಗೆ ಹಿಡಿದು ಹಿಂದಿನಿಂದಲೂ ನೋಡಿದ.

“ಈ ಹಕ್ಕಿ ಸುಳ್ಳು ಹೇಳ್ತದೆ ಮೇಡಂ.”

“ಏನಂದ್ರಿ?”

“ಮೀನಿಗೆ ಹೊಂಚು ಹಾಕೂ ಹಕ್ಕಿ ಕುತ್ಗೆ ಇಷ್ಟು ಸುಮ್ನೆ ಇರೂದಿಲ್ಲ. ನೀವು ಇದ್ನ ಕಂಡು ಬರ್ದದ್ದಾ, ಯಾರಿಗೋ ಹೆದ್ರಿ ಬರ್ದದ್ದಾ?”

ವಿನುತಾ ಹಾಳೆಯನ್ನು ಕಿತ್ತುಕೊಂಡಳು. ಮೂಲೆ ಹರಿದು ಅವನ ಬೆರಳಲ್ಲೇ ಉಳಿಯಿತು. ಫೈಲು ಎತ್ತಿಕೊಂಡು ಹೊರಟು ಭಟ್ಕಳದ ಬಸ್ಸು ಹತ್ತಿದಳು.

‘ಎಷ್ಟು ಸೊಕ್ಕು! ಒಂದೇ ನೋಟಕ್ಕೆ ಎಲ್ಲ ಗೊತ್ತಾದವನ ಹಾಗೆ...’

ಆದರೆ ಅವನ ಮಾತು ನಿಜವಾಗಿತ್ತು. ಅದೇ ಅವಳನ್ನು ಚುಚ್ಚಿದ್ದು.

ಹುಬ್ಬಳ್ಳಿಯ ಒಂದು ಬಟ್ಟೆ ಕಂಪನಿಯಲ್ಲಿ ಅವಳು ನಾಲ್ಕು ವರ್ಷ ವಿನ್ಯಾಸ ಬರೆದಿದ್ದಳು. ಅವಳು ಬರೆದ ಬಳ್ಳಿ, ಹೂವು, ಹಕ್ಕಿಗಳೆಲ್ಲ ಮಾಲೀಕರ ಹೆಸರಲ್ಲಿ ಪ್ರದರ್ಶನಗಳಿಗೆ ಹೋದವು. ಒಮ್ಮೆ ಕೇಳಿದ್ದಕ್ಕೆ, “ನಿನ್ನ ಹೆಸರು ಯಾರಿಗೆ ಬೇಕಾಗಿದೆ?” ಎಂದು ನಗೆಯಾಡಿದ್ದರು. ಅಂದಿನಿಂದ ಅವಳು ಯಾರನ್ನೂ ನಂಬುತ್ತಿರಲಿಲ್ಲ. ಕೆಲಸ ಬಿಟ್ಟು ಭಟ್ಕಳದ ಹತ್ತಿರದ ಹೆಬಳೆಯ ಮನೆಗೆ ಬಂದು ಒಂದೇ ಒಂದು ಆಸೆ ಇಟ್ಟುಕೊಂಡಿದ್ದಳು: ತನ್ನ ವಿನ್ಯಾಸಗಳ ಒಂದು ಪ್ರದರ್ಶನ. ಗೋಡೆಯ ಮೇಲೆ ತನ್ನ ಹೆಸರು. ಹೊನ್ನಾವರದಲ್ಲಿ ಒಂದು ಸಭಾಭವನ ಮೂರು ದಿನಕ್ಕೆ ಸಿಕ್ಕಿತ್ತು, ಚೌತಿಗೆ ಎರಡು ವಾರ ಮೊದಲು.

ಎರಡು ದಿನ ಬೆಳಿಗ್ಗೆ ಶರಾವತಿಯ ದಂಡೆಯಲ್ಲಿ ಕೂತು ಅವಳು ಮಿಂಚುಳ್ಳಿಯನ್ನು ಮತ್ತೆ ಬರೆದಳು. ಶನಿವಾರ ಅದನ್ನು ದಿನಕರನ ಮುಂದಿಟ್ಟಳು. ಅವನು ಅದನ್ನೂ ಬೆಳಕಿಗೆ ಹಿಡಿದು ನೋಡಿದ.

“ಈಗ ಇದು ಹಾರಿ ಹೋಗೂಕೆ ಮೊದ್ಲು ಕೆತ್ಬೇಕು,” ಎಂದ.

ಅಂದು ಬಸ್ಸಿನಲ್ಲಿ ಅವಳು ಕಾರಣವಿಲ್ಲದೆ ನಕ್ಕಳು.

ಆಮೇಲೆ ಆರು ಶನಿವಾರ ಕುಮಟೆಗೆ ಹೋದಳು. ಒಂದು ದಿನ ಅವನು ಶೆಡ್ಡಿನ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಸಭಾಭವನದ ನಕ್ಷೆ ಬರೆದ. ಕಿಟಕಿ ಎಲ್ಲಿ, ಗಾಳಿ ಎತ್ತಿಂದ, ಬಟ್ಟೆ ಹಾರದಂತೆ ಕೆಳಗೆ ಬಿದಿರು ಎಲ್ಲಿ ಕಟ್ಟಬೇಕು...

“ಬಾಗ್ಲಿಂದ ಒಳಗೆ ಬಂದವ್ರಿಗೆ ಮೊದ್ಲು ಎಂತ ಕಾಣ್ಬೇಕು?”

“ಮಿಂಚುಳ್ಳಿಯ ದೊಡ್ಡ ಬಟ್ಟೆ.”

“ಅಲ್ಲ. ನಿಮ್ಮ ಹೆಸ್ರು.”

ಅವಳು ತಟ್ಟನೆ ಬೇರೆಡೆ ನೋಡಿದಳು. ಕಣ್ಣು ತುಂಬಿದ್ದು ಅವನಿಗೆ ಕಾಣಬಾರದಲ್ಲ!

ಮುಂದಿನ ವಾರ ಅವನ ಫೋನು ಬಂತು.

“ಅಚ್ಚು ಆತು. ಒಯ್ಯೂಕೆ ನೀವೇ ಬನ್ನಿ. ಬೇರೆಯವ್ರನ್ನ ಕಳಿಸ್ಬೇಡಿ.”

ಎದೆ ಹಾರಿತು. ಹಾರಿದ್ದಕ್ಕೇ ಹೆದರಿಕೆಯಾಯಿತು.

‘ನಾನೇ ಯಾಕೆ? ಇಷ್ಟು ಸಂತೋಷ ಯಾಕಾಗಬೇಕು ನನಗೆ? ಮತ್ತೆ ಒಬ್ಬರನ್ನು ನಂಬಿ...’

ರಾತ್ರಿಯೆಲ್ಲ ಯೋಚಿಸಿ, ಬೆಳಿಗ್ಗೆ ಬಟ್ಟೆ ಒತ್ತಲು ನೆರವಾಗುತ್ತಿದ್ದ ಮಾಸ್ತಮ್ಮ ಚಿಕ್ಕಿಯನ್ನು ಕುಮಟೆಗೆ ಕಳಿಸಿದಳು. ದಿನಕರ ಚೌತಿಯ ಗಣಪತಿಗಳಿಗೆ ಮಣ್ಣು ತರಲು ಹೋಗಿದ್ದ. ಅವನ ತಾಯಿ ನರ್ಮದಾ, ಇದ್ದ ಅಚ್ಚುಗಳನ್ನೆಲ್ಲ ಪಂಚೆಯಲ್ಲಿ ಕಟ್ಟಿ ಚಿಕ್ಕಿಯ ಕೈಗೆ ಕೊಟ್ಟುಬಿಟ್ಟರು.

ಗಂಟು ಬಿಚ್ಚಿದ ವಿನುತಾ ಬೆಚ್ಚಿದಳು.

ಮಿಂಚುಳ್ಳಿಗೆ ಕಣ್ಣಿರಲಿಲ್ಲ!

ಗರಿಗರಿಯೂ ಕೂದಲೆಳೆಯಷ್ಟು ಸೂಕ್ಷ್ಮ. ಆದರೆ ಕಣ್ಣಿನ ಜಾಗ ಬರೀ ನುಣ್ಣಗಿನ ಮರ.

“ಎಂತ ಇದು, ಕುರುಡು ಹಕ್ಕಿ?” ಚಿಕ್ಕಿ ಮೂಗಿನ ಮೇಲೆ ಬೆರಳಿಟ್ಟಳು.

ವಿನುತಾಳ ಮನಸ್ಸು ಒಂದೇ ಕ್ಷಣದಲ್ಲಿ ಹುಬ್ಬಳ್ಳಿಗೆ ಓಡಿತು. ‘ಬೇಕಂತಲೇ ಬಿಟ್ಟಿದ್ದಾನೆ. ಕಣ್ಣು ಅವನ ಕೈಯಲ್ಲಿದ್ದರೆ ನನ್ನ ಹಕ್ಕಿಯೂ ಅವನ ಕೈಯಲ್ಲಿ. ನಾನು ಹೋಗಿ ಬೇಡಿಕೊಳ್ಳಬೇಕು, ಅಷ್ಟೇ...’

ಫೋನು ಮಾಡಿದಳು.

“ಅರ್ಧ ಕೆಲಸ ಮಾಡಿ ಕಳಿಸಿದ್ದೀರಿ. ಯಾಕೆ?”

“ನೀವ್ ಬರ್ಲಿಲ್ಲಲ,” ಅವನ ದನಿ ಭಾರವಾಗಿತ್ತು. “ನಾ ಹೇಳಿದ್ದೆ. ನೀವ್ ಬಂದಿದ್ರೆ...”

“ಬಂದು ಕಾಲು ಹಿಡೀಬೇಕಿತ್ತಾ? ನನ್ನ ಕೆಲಸ ಹಿಡಿದಿಟ್ಟುಕೊಂಡು ಆಟ ಆಡುವವರನ್ನು ನಾನು ಮೊದಲೇ ನೋಡಿದ್ದೇನೆ. ನಿಮಗೂ ಅವರಿಗೂ ಏನು ವ್ಯತ್ಯಾಸ?”

ಆಚೆಯಿಂದ “ಆತು” ಎಂಬ ಒಂದೇ ಮಾತು. ಫೋನು ಕಟ್ಟಾಯಿತು.

ಉಳಿದ ಹತ್ತು ಬಟ್ಟೆ ಒತ್ತಿ ಮುಗಿಸುವಷ್ಟರಲ್ಲಿ ಮೂರು ವಾರ ಕಳೆಯಿತು. ಕೊನೆಗೆ ಅವಳು ಭಟ್ಕಳದ ಬಡಗಿ ಕಮಲಾಕರನ ಹತ್ತಿರ ಹೋಗಿ ಯಂತ್ರದಿಂದ ಕಣ್ಣು ಕೊರೆಸಿದಳು. ಗುಂಡಗೆ ಒಂದು ತೂತು. ಬಟ್ಟೆಯ ಮೇಲೆ ಒತ್ತಿದಾಗ ಹಕ್ಕಿ ಹೆದರಿ ದಿಟ್ಟಿಸಿದಂತೆ ಕಂಡಿತು. ಇರಲಿ ಎಂದು ಒತ್ತುತ್ತಲೇ ಹೋದಳು. ಆರು ಮೀಟರು ಬಟ್ಟೆಯ ನಡುಮಧ್ಯಕ್ಕೆ ಬಂದಾಗ, ಅಚ್ಚಿನ ಮೇಲೆ ಮುಷ್ಟಿಯಿಂದ ಗುದ್ದಿದ್ದೇ ತಡ...

ಟಪ್!

ಕೊರೆದ ಕಣ್ಣಿನಿಂದಲೇ ಬಿರುಕು ಹೊರಟು ಮಿಂಚುಳ್ಳಿ ಎರಡು ಹೋಳಾಗಿತ್ತು.

ಅಂದು ಬುಧವಾರ. ಶುಕ್ರವಾರ ಪ್ರದರ್ಶನ.

ಹೋಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ವಿನುತಾ ಕುಮಟೆಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದಳು. ಶೆಡ್ಡಿನ ಬಾಗಿಲಲ್ಲಿ ಕಾಲಿಟ್ಟವಳೇ ನಿಂತುಬಿಟ್ಟಳು.

ಶೆಡ್ಡಿನ ತುಂಬ ಗಣಪತಿಗಳು. ಐವತ್ತೋ ಅರವತ್ತೋ. ಒಂದೊಂದೂ ಒಂದೊಂದು ಮನೆಯವರು ತಂದುಕೊಟ್ಟ ಮಣೆಯ ಮೇಲೆ ಕೂತಿತ್ತು. ಬಣ್ಣ ಬಳಿದಾಗಿತ್ತು, ಕಿರೀಟಕ್ಕೆ ಹೊಳಪು ಬಂದಿತ್ತು.

ಒಂದಕ್ಕೂ ಕಣ್ಣಿರಲಿಲ್ಲ.

“ಎಂತ ತಂಗಿ, ಬಾಗ್ಲಲ್ಲೇ ನಿಂತ್ರಿ?” ಬಣ್ಣದ ತಟ್ಟೆ ಹಿಡಿದು ನರ್ಮದಾ ಹೊರಬಂದರು.

“ಅಮ್ಮಾ... ಇವಕ್ಕೆ ಕಣ್ಣು?”

“ಒಯ್ಯುವವ್ರು ಬರದೆ ಕಣ್ಣು ಬರಿಯೂದು ಹ್ಯಾಂಗೆ? ಮನೆಯವ್ರು ಬಂದು ಎದ್ರಿಗೆ ನಿಲ್ಬೇಕು. ಕಣ್ಣು ಬಿಟ್ಟಾಗ ಮೊದ್ಲು ಅವ್ರನ್ನೇ ಕಾಣ್ಬೇಕು. ನಮ್ಮಾವ ಅಂತೂ ಮರದ ಗಿಣಿಗೂ ಹಾಂಗೇ ಮಾಡ್ತಿದ್ರು. ನಿಮ್ಮಲ್ಲಿ ಗಣಪತಿ ತರೂದಿಲ್ಲ್ಯಾ?”

“ಇಲ್ಲ...” ವಿನುತಾ ಸಾಲುಸಾಲು ಮುಖಗಳನ್ನು ನೋಡಿದಳು. “ನಮ್ಮ ಮನೆಯಲ್ಲಿ ಆ ಪದ್ಧತಿ ಇಲ್ಲ.”

‘ಒಯ್ಯೂಕೆ ನೀವೇ ಬನ್ನಿ.’ ಅಯ್ಯೋ... ಅವಳ ಹಕ್ಕಿ ಕಣ್ಣು ಬಿಡುವಾಗ ಎದುರಿಗೆ ಅವಳೇ ಇರಲಿ ಎಂದು ಅವನು ಕಾದಿದ್ದ! ಅವಳು ಅದಕ್ಕೆ ಕೊಟ್ಟ ಹೆಸರೇನು?

ದಿನಕರ ಹಿತ್ತಿಲಿನಿಂದ ಬಂದ. ಅವಳು ಹೋಳುಗಳನ್ನು ಚಾಚಿದಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ತೂತಿನ ಅಂಚನ್ನು ಹೆಬ್ಬೆರಳಿನಿಂದ ಸವರಿದ.

“ಯಾರು ಕೊರ್ದದ್ದು?”

“ನಾನೇ ಕೊರೆಸಿದೆ. ನನಗೆ ಗೊತ್ತಿರಲಿಲ್ಲ... ತಪ್ಪಾಯ್ತು.”

ಜೋಡಿಸಿಟ್ಟ ಮಾತುಗಳಲ್ಲಿ ಅವಳಿಗೆ ಸಿಕ್ಕಿದ್ದು ಅಷ್ಟೇ.

“ಹೊಸ್ದು ಮಾಡೂಕೆ ನಾಕು ದಿನ ಬೇಕು ಮೇಡಂ. ಈ ಗಣಪತಿ ಎಲ್ಲ ಬಾಕಿ ಅದೆ. ಆಗೂದಿಲ್ಲ.”

“ನಾನು ಹೊಸದು ಕೇಳೋಕೆ ಬಂದದ್ದಲ್ಲ.”

“ಮತ್ತೆಂತಕ್ಕೆ?”

ಅವಳು ಬಾಯಿ ತೆರೆದಳು. ತಾಯಿ ಅಲ್ಲೇ ನಿಂತಿದ್ದರು. ಅವನು ಮುಖ ತಿರುಗಿಸಿದ್ದ. ಅವಳು ಬಂದ ದಾರಿಯಲ್ಲೇ ಹಿಂತಿರುಗಿದಳು.

ಗುರುವಾರ ಹೊನ್ನಾವರದ ಸಭಾಭವನದಲ್ಲಿ, ಅವನು ಬರೆದ ನಕ್ಷೆಯಂತೆಯೇ ಎಲ್ಲವನ್ನೂ ಕಟ್ಟಿದರು. ಹತ್ತು ಬಟ್ಟೆಗಳು ಎರಡೂ ಬದಿಗೆ. ಎದುರುಗೋಡೆ ಮಾತ್ರ ಖಾಲಿ.

“ಅರ್ಧ ಬಟ್ಟೆ ಕತ್ತರ್ಸಿ ಹಾಕು. ಯಾರಿಗೂ ಗೊತ್ತಾಗೂದಿಲ್ಲ,” ಎಂದಳು ಚಿಕ್ಕಿ.

ವಿನುತಾ ಕತ್ತರಿ ಕೈಗೆತ್ತಿಕೊಂಡಳು. ಬಟ್ಟೆಯ ಅಂಚಿಗೆ ಹಿಡಿದಳು. ಆಮೇಲೆ ಅದನ್ನು ಕೆಳಗಿಟ್ಟು, ಆರು ಮೀಟರನ್ನೂ ಹಾಗೇ ತೂಗುಹಾಕಿದಳು. ಅರ್ಧದವರೆಗೆ ಹಕ್ಕಿಗಳು. ಮುಂದೆ ಬರೀ ಬಿಳಿ. ಬಾಗಿಲಿಗೆ ಎದುರಾಗಿ ತನ್ನ ಹೆಸರು, ಅದರ ಕೆಳಗೆ ಒಂದು ಕಾಗದ:

“ಅಚ್ಚು ಕೆತ್ತಿದವರು ಕುಮಟೆಯ ದಿನಕರ. ಅವರ ಕೆಲಸದಲ್ಲಿ ಕೊರತೆ ಇರಲಿಲ್ಲ. ಅನುಮಾನಪಟ್ಟು ಅಚ್ಚು ಒಡೆದದ್ದು ನಾನು. ಬಟ್ಟೆ ಅರ್ಧಕ್ಕೆ ನಿಂತದ್ದು ನನ್ನಿಂದ. – ವಿನುತಾ.”

ಓದಿ ಹೇಳಿದಾಗ ಚಿಕ್ಕಿ ತಲೆ ಚಚ್ಚಿಕೊಂಡಳು. “ಊರವ್ರೆಲ್ಲ ತಪ್ಪಿನ ಮೇಲೆ ಬಟ್ಟೆ ಮುಚ್ತಾರೆ. ನೀನು ಬಟ್ಟೆ ಮೇಲೆ ತಪ್ಪು ನೇತಾಕ್ತಿಯಲೆ ಮಾರಾಯ್ತಿ!”

ಮೂರು ದಿನ ಜನ ಬಂದರು. ಕೆಲವರು ಬೆರಳು ತೋರಿಸಿ ಪಿಸುಗುಟ್ಟಿದರು. ಒಬ್ಬರು ಮುದುಕರು, “ಬಣ್ಣ ಸಾಲ್ಲಿಲ್ಲ್ಯಾ ತಂಗಿ?” ಎಂದು ನಕ್ಕರು. ಪ್ರತಿಯೊಬ್ಬರಿಗೂ ಅವಳು ನಿಜವನ್ನೇ ಹೇಳಿದಳು. ಭಟ್ಕಳದಿಂದ ಬಂದ ಇಬ್ಬರು ಹೆಂಗಸರು ಏಡಿಯ ಅಂಚನ್ನು ಮೆಚ್ಚಿ ಅವಳ ಹೆಸರನ್ನು ಬರೆದುಕೊಂಡರು. ಇಷ್ಟು ವರ್ಷ ಕಾದಿದ್ದ ಗಳಿಗೆ! ಆದರೂ ಅವಳ ಕಣ್ಣು ಬಾಗಿಲಿನ ಕಡೆಗೇ ಹೋಗುತ್ತಿತ್ತು.

ಅವನು ಬರಲಿಲ್ಲ.

ಭಾನುವಾರ ಸಂಜೆ ಐದು. ಜನ ಖಾಲಿಯಾಗಿದ್ದರು. ಏಣಿ ತರಲು ಚಿಕ್ಕಿ ಹೊರಗೆ ಹೋಗಿದ್ದಳು. ಹೆಜ್ಜೆ ಸದ್ದಾಯಿತು.

ದಿನಕರ! ಮೊಣಕೈವರೆಗೂ ಒಣಗಿದ ಮಣ್ಣು. ಕೈ ತೊಳೆಯಲೂ ನಿಲ್ಲದೆ ಬಸ್ಸು ಹತ್ತಿದ್ದ. ನೇರ ಬಂದು ಕಾಗದದ ಮುಂದೆ ನಿಂತ. ಓದಿದ. ಮತ್ತೊಮ್ಮೆ ಓದಿದ.

“ಇದ್ನ ತೆಗೀರಿ.”

“ಇಲ್ಲ.”

“ಮೂರು ದಿನ ಊರಿಗೆಲ್ಲ ತೋರ್ಸಿದ್ರಂತೆ. ನಿಮ್ಮ ಹೆಸ್ರು ಮೊದ್ಲನೇ ಸಲ ಗೋಡೆ ಮೇಲೆ ಬಂದದ್ದು. ಅದ್ರ ಕೆಳಗೆ ಇದು ಎಂತಕ್ಕೆ?”

“ನಾಲ್ಕು ವರ್ಷ ನನ್ನ ಕೆಲಸದ ಮೇಲೆ ಬೇರೆಯವರ ಹೆಸರಿತ್ತು. ಅದರ ನೋವು ನನಗೆ ಗೊತ್ತು. ನೋಡಿದವರು ‘ಕೆತ್ತಿದವನೇ ಕೆಡಿಸಿದ’ ಅಂತ ಅಂದುಕೊಂಡು ಹೋಗೋದು... ನನ್ನಿಂದ ಆಗಲಿಲ್ಲ.”

ಅವನು ತಲೆ ತಗ್ಗಿಸಿದ.

“ಬುಧವಾರ ನಾನು ಹಾಂಗೆ ಮುಖ ತಿರುಗ್ಸಬಾರ್ದಿತ್ತು. ಸಿಟ್ಟು ಬಂದದ್ದು ಅಚ್ಚು ಒಡದದ್ದಕ್ಕಲ್ಲ.”

“ಮತ್ತೆ?”

“ಕಣ್ಣು ಬಿಡ್ಸೂದು ಒಂದೇ ಆದ್ರೆ ಫೋನಲ್ಲೇ ಹೇಳ್ಬಹುದಿತ್ತು. ನೀವ್ ಬಂದ್ರೆ... ಒಂದ್ ಮಾತು ಕೇಳ್ವ ಅಂದೇಳಿ ಇದ್ದೆ. ನೀವು ಚಿಕ್ಕೀನ ಕಳ್ಸಿದ್ರಿ. ಅದೇ ಉತ್ರ ಅಂತ ತಿಳ್ಕಂಡೆ.”

ವಿನುತಾ ಇಷ್ಟು ದಿನ ತನ್ನ ಹೆದರಿಕೆಯನ್ನಷ್ಟೇ ನೋಡಿಕೊಂಡಿದ್ದಳು. ಅವನಿಗೂ ಒಂದಿತ್ತು!

“ಬೇಡ ಅಂತ ಅಲ್ಲ ನಾನು ಬರದೇ ಇದ್ದದ್ದು,” ಎಂದಳು. ಒಂದೊಂದು ಮಾತೂ ಹುಡುಕಿ ಹುಡುಕಿ ಬಂತು. “ಬಂದಿದ್ದರೆ... ಬೇಕು ಅನ್ನೋದು ನನ್ನ ಮುಖದಲ್ಲೇ ಕಾಣ್ತಿತ್ತು. ಅದಕ್ಕೆ ಬರಲಿಲ್ಲ.”

ಅವನು ಅವಳ ಮುಖ ನೋಡಿದ. ಈ ಸಲ ಅವಳು ಬೇರೆಡೆ ತಿರುಗಲಿಲ್ಲ.

ಹೊರಗಿನಿಂದ ಚಿಕ್ಕಿ ಕೂಗಿದಳು. “ಆರಕ್ಕೆ ಬೀಗ ಹಾಕ್ತಾರಂತೆ! ಮಡ್ಚೂಕೆ ಸುರು ಮಾಡ್ರೋ!”

ಇಬ್ಬರೂ ಉದ್ದನೆಯ ಬಟ್ಟೆಯನ್ನು ಇಳಿಸಿದರು. ಅವನ ಕೈಯ ಮಣ್ಣು ಬಿಳಿಯ ಅರ್ಧಕ್ಕೆ ಹತ್ತಿತು.

“ಅಯ್ಯೋ, ಕೊಳೆ ಆತು...”

“ಇರಲಿ. ಗಟ್ಟಿಯಾಗಿ ಹಿಡೀರಿ.”

ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಒಂದೊಂದು ಮಡಿಕೆಗೂ ಎದುರುಬದುರು ನಡೆದು ಬಂದರು. ನಾಲ್ಕನೆಯದಕ್ಕೆ ನಡುವೆ ಜಾಗವೇ ಉಳಿಯಲಿಲ್ಲ. ಬೆರಳುಗಳು ತಾಗಿದವು. ಯಾರೂ ಕೈ ಬಿಡಲಿಲ್ಲ.

“ಮನೇಲಿ ಎಂತ ಹೇಳ್ತ್ರೋ ಏನೋ,” ಅವನು ಮೆಲ್ಲಗೆ ಅಂದ.

“ನನಗೂ ಹೆದರಿಕೆ ಆಗ್ತದೆ.”

“ನಂಗೆ ನಿಮ್ಗಿಂತ ಜಾಸ್ತಿ.”

ಅವಳು ನಕ್ಕಳು. ನಗುತ್ತಲೇ ಕಣ್ಣೀರು ಬಂತು.

“ಹಾಂಗಾರೆ ಇನ್ಮೇಲೆ ಇಬ್ರೂ ಒಟ್ಟಿಗೇ ಹೆದ್ರ್ವ,” ಎಂದ ದಿನಕರ. “ಆತಾ?”

“ಆತು.”