ನಿಂಬೆಗಿಡಕ್ಕೆ ಕದ್ದು ಹಾಕಿದ ನೀರು

"ಏ ಭಾಗ್ಯಾ! ಹಿತ್ತಲದಾಗ ಏನ್ ಮಾಡಾಕತ್ತೀಯೇ?"

ಅಜ್ಜಿಯ ದನಿ ಕೇಳಿದ್ದೇ ತಡ, ಭಾಗ್ಯ ತಂಬಿಗೆಯನ್ನು ಬೆನ್ನ ಹಿಂದೆ ಅಡಗಿಸಿದಳು. ಅಡಗಿಸಿದ್ದೇನೋ ಸರಿ, ಆದರೆ ತಂಬಿಗೆಯಲ್ಲಿ ಇನ್ನೂ ಅರ್ಧ ನೀರಿತ್ತು. ಅದೆಲ್ಲ ಲಂಗದ ಮೇಲೆ ಸುರಿದು ಕಾಲಿಗೆ ಇಳಿಯಿತು. ಡಿಸೆಂಬರ್ ತಿಂಗಳ ಚಳಿಗೆ ಹಲ್ಲು ಕಟಕಟ ಎಂದವು.

"ಬಾಳಿಗಿಡಕ್ಕ ನೀರು ಹಾಕಾಕತ್ತೀನಿ ಅಜ್ಜಿ!"

"ನಿಂಬಿಗಿಡದ ಹತ್ರ ಹೋಗಬ್ಯಾಡ. ಸಂಕ್ರಾಂತಿ ತನಕ ಅದಕ್ಕ ಒಂದು ಹನಿ ನೀರೂ ಬ್ಯಾಡ. ಹೇಳೀನಿ ನೋಡು!"

"ಹೂಂ ಅಜ್ಜಿ," ಎಂದಳು ಭಾಗ್ಯ. ಅವಳು ನಿಂತಿದ್ದುದು ನಿಂಬೆಗಿಡದ ಬುಡದಲ್ಲೇ.

ಅವರ ಹಿತ್ತಲಲ್ಲಿ ಇದ್ದದ್ದೇ ಎರಡು ಗಿಡ. ಬಚ್ಚಲಿನ ಪಕ್ಕದಲ್ಲಿ ಬಾಳೆ, ಆಚೆ ಗೋಡೆಯ ಮೂಲೆಯಲ್ಲಿ ನಿಂಬೆ. ಬಾಳೆಯದು ರಾಜಯೋಗ. ಸ್ನಾನದ ನೀರು ಅದಕ್ಕೆ, ಪಾತ್ರೆ ತೊಳೆದ ನೀರು ಅದಕ್ಕೆ. ಸಾಲದ್ದಕ್ಕೆ ನಳದಲ್ಲಿ ನೀರು ಬಂದಾಗ ಮೇಲೊಂದು ಬಕೆಟ್. ಅದರ ಎಲೆಗಳು ಆನೆಯ ಕಿವಿಯ ಹಾಗೆ ತೂಗುತ್ತಿದ್ದವು. ನೆಂಟರು ಬಂದರೆ ಎಲೆ, ಪೂಜೆಗೆ ಕಂಬ, ಪಲ್ಯಕ್ಕೆ ಹೂವು ಎಂದು ಓಣಿಯವರೆಲ್ಲ ಅದನ್ನೇ ಕೇಳಿಕೊಂಡು ಬರುತ್ತಿದ್ದರು.

ನಿಂಬೆಗಿಡಕ್ಕೆ ಮಾತ್ರ ಏನೂ ಇಲ್ಲ. ದೀಪಾವಳಿಯ ತನಕ ನೀರು ಹಾಕುತ್ತಿದ್ದ ಅಜ್ಜಿ, ಆಮೇಲೆ ಒಮ್ಮೆಲೇ ನಿಲ್ಲಿಸಿಬಿಟ್ಟಿದ್ದರು. ಎಲೆಗಳು ಮುದುಡಿ ಜೋತು ಬಿದ್ದಿದ್ದವು. ಬೇಸಿಗೆಯಲ್ಲಿ ಶರಬತ್ತಿಗೆ ಇದೇ ಗಿಡ ಬೇಕು, ಉಪ್ಪಿನಕಾಯಿಗೆ ಇದೇ ಬೇಕು. ಹೊಸ ಆಟೋ ತಂದವರಿಗೆ ಮುಂದೆ ಕಟ್ಟೋದಕ್ಕೂ ಇದರ ಹಣ್ಣೇ ಬೇಕು. ನೀರು ಮಾತ್ರ ಬ್ಯಾಡ ಅಂತೆ! ಇದು ಯಾವ ನ್ಯಾಯ?

ಆದರೆ ಭಾಗ್ಯಳ ಸಂಕಟ ಬೇರೆಯೇ ಇತ್ತು. ದೀಪಾವಳಿ ಮುಗಿದ ಮೇಲೆ ಅವ್ವ, ಅಪ್ಪ ಬಿಲ್ಡಿಂಗ್ ಕೆಲಸಕ್ಕೆಂದು ಪುಣೆಗೆ ಹೋಗಿದ್ದರು. ಅವರ ಊರು ದಾಮರಗಿದ್ದದ ಕಡೆಯಿಂದ ಎಷ್ಟೋ ಮಂದಿ ಹಾಗೆ ಹೋಗುತ್ತಾರೆ. ತಮ್ಮ ವಿನಯ ಇನ್ನೂ ಸಣ್ಣವನು, ಅವನನ್ನೂ ಕರೆದುಕೊಂಡು ಹೋದರು. ಭಾಗ್ಯಳಿಗೆ ಸ್ಕೂಲ್ ಇತ್ತಲ್ಲ, ಅವಳು ಅಜ್ಜಿಯ ಹತ್ತಿರವೇ ಉಳಿದಳು.

ಬಸ್ಸು ಹತ್ತುವಾಗ ಅವಳು ಅವ್ವನ ಸೆರಗು ಬಿಡಲೇ ಇಲ್ಲ.

"ಮತ್ತ ಯಾವಾಗ ಬರ್ತಿ? ಹೇಳು."

"ನಮ್ಮ ನಿಂಬಿಗಿಡದ ತುಂಬ ಕಾಯಿ ಆಗ್ತಾವಲ್ಲ, ಆಗ ಬರ್ತೀನಿ. ಇಬ್ಬರೂ ಕೂಡಿ ಉಪ್ಪಿನಕಾಯಿ ಹಾಕೋಣು," ಅಂದಿದ್ದಳು ಅವ್ವ.

ಈಗ ನೀವೇ ಹೇಳಿ. ಗಿಡ ಒಣಗಿದರೆ ಕಾಯಿ ಇಲ್ಲ. ಕಾಯಿ ಇಲ್ಲದಿದ್ದರೆ ಅವ್ವ ಹೇಗೆ ಬರುತ್ತಾಳೆ?

ಅದಕ್ಕೇ ಭಾಗ್ಯ ದಿನಾ ಅಜ್ಜಿಯ ಕಣ್ಣು ತಪ್ಪಿಸಿ ನಿಂಬೆಗೆ ನೀರು ಹಾಕತೊಡಗಿದಳು. ಗಿಡ ಮುದುಡುವುದನ್ನು ಬಿಟ್ಟಿತು. ಆಮೇಲೆ ತುದಿಯಲ್ಲಿ ಎಳೆ ಚಿಗುರು ಬಂತು. ಭಾಗ್ಯಳಿಗೆ ಖುಷಿಯೋ ಖುಷಿ.

ತಲೆ ಕೆಟ್ಟದ್ದು ಅಜ್ಜಿಗೆ. "ಇದೇನವ್ವಾ! ನೀರಿಲ್ಲದ ಹಿಂಗ ಚಿಗತೈತಿ?" ಎಂದು ಗಿಡದ ಸುತ್ತ ತಿರುಗಿದರು. ಬುಡ ಮುಟ್ಟಿ ನೋಡಿದರೆ ಹಸಿ. "ತಿಳೀತು ಬಿಡು. ಹೆಗ್ಗಣ ತೂತು ಮಾಡೈತಿ. ಬಚ್ಚಲ ನೀರು ಇತ್ತಾಗ ಹರಿಯಾಕತ್ತೈತಿ."

ಆ ಭಾನುವಾರ ಮೊಣಕಾಲು ನೋವಿನಲ್ಲೂ ಅಜ್ಜಿ ಕುಳಿತು ಬಚ್ಚಲಿನ ಕಾಲುವೆಗೆಲ್ಲ ಮಣ್ಣು ಮೆತ್ತಿದರು. ಇಲ್ಲದ ಹೆಗ್ಗಣಕ್ಕೆ ಬಾಯಿ ತುಂಬ ಬೈದರು. ಭಾಗ್ಯ ಮಣ್ಣು ಕಲಸಿ ಕಲಸಿ ಕೊಟ್ಟಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ಅವಳು ಅವತ್ತು ತಲೆ ಎತ್ತಿ ಅಜ್ಜಿಯ ಮುಖ ನೋಡಲಿಲ್ಲ.

ಸಂಕ್ರಾಂತಿ ಬಂತು. ಅಜ್ಜಿ ನಿಂಬೆಯ ಬುಡ ಕೆದರಿ, ಗೊಬ್ಬರ ಹಾಕಿ, ಕೊಡಗಟ್ಟಲೆ ನೀರು ಸುರಿದರು. ಇನ್ನು ಕದಿಯುವ ಕೆಲಸವಿಲ್ಲ ಎಂದು ಭಾಗ್ಯ ನಿರಾಳವಾದಳು.

ಒಂದು ದಿನ ಸ್ಕೂಲಿನಲ್ಲಿ ರಜಿತಾ ಅವಳ ಮೂಗಿನ ಹತ್ತಿರ ಒಂದು ಸಣ್ಣ ಬಿಳಿ ಹೂವು ಹಿಡಿದಳು. ರಜಿತಾ ಪಕ್ಕದ ಓಣಿಯವಳು, ಮನೆಯಲ್ಲಿ ತೆಲುಗು ಮಾತಾಡುವವಳು.

"ವಾಸನೆ ನೋಡು. ನಿಂಬಿ ಹೂವು. ಮಾ ಚೆಟ್ಟು ನಿಂಡಾ ಪೂಲೇ! ನಮ್ಮ ಗಿಡದ ತುಂಬ ಹೂವೇ ಹೂವು!"

ಬೆಲ್ ಹೊಡೆದದ್ದೇ ಭಾಗ್ಯ ಮನೆಗೆ ಓಡಿದಳು. ಬ್ಯಾಗೂ ಇಳಿಸದೆ ಹಿತ್ತಲಿಗೆ ಹೋಗಿ ಕೊಂಬೆ ಕೊಂಬೆ ಸರಿಸಿ ಹುಡುಕಿದಳು. ಎಲೆ, ಎಲೆ, ಎಲೆ. ಮುಳ್ಳು ಚುಚ್ಚಿ ಬೆರಳಲ್ಲಿ ರಕ್ತ ಬಂತು. ಒಂದೇ ಒಂದು ಮೊಗ್ಗೂ ಸಿಗಲಿಲ್ಲ.

ಅಜ್ಜಿ ಬಂದು ಹಿಂದೆ ನಿಂತರು. "ಈ ಸಲ ಇದರದು ಎಲಿ ಅಷ್ಟ. ಕಾಯಿ ಇಲ್ಲ," ಎಂದು ನಿಟ್ಟುಸಿರು ಬಿಟ್ಟರು.

ಭಾಗ್ಯಳಿಗೆ ಅಳು, ಸಿಟ್ಟು ಒಟ್ಟಿಗೇ ಬಂದವು. "ಎಲ್ಲಾ ನಿನ್ನಿಂದಾನ! ನೀನು ಅದಕ್ಕ ನೀರ ಹಾಕಲಿಲ್ಲ! ನಾ ದಿನಾ ಕದ್ದು ಹಾಕಿದ್ದಕ್ಕ ಅದು ಬದುಕೈತಿ!"

ಅಜ್ಜಿ ಸೊಂಟದ ಮೇಲೆ ಕೈ ಇಟ್ಟರು. "ಹಾಂ? ಅಂದ್ರ ಆ ಹೆಗ್ಗಣ ನೀನ ಏನು?"

ಬೇರೆ ಹೊತ್ತಾಗಿದ್ದರೆ ಭಾಗ್ಯ ನಗುತ್ತಿದ್ದಳು. ಈಗ ಅವಳ ಅಳು ಇನ್ನೂ ಜೋರಾಯಿತು. ಅಜ್ಜಿ ಅವಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಬೆರಳಿನ ರಕ್ತವನ್ನು ಸೆರಗಿನಿಂದ ಒರೆಸಿದರು.

"ನೋಡು ಮಗಳ, ಬಾಳಿ ಬಾಣಂತಿ ಇದ್ದಂಗ. ಸುತ್ತ ಮರಿ ಕಟ್ಟಿಕೊಂಡು ನಿಂತೈತಿ. ಅದಕ್ಕ ದಿನಾ ನೀರು ಬೇಕ. ಒಂದೆರಡು ದಿನ ತಪ್ಪಿದರ ಸೊರಗತೈತಿ. ನಿಂಬಿ ಹಂಗಲ್ಲ. ಅದು ವರ್ಷಕ್ಕ ಒಮ್ಮೆ ಬಾಯಿ ಒಣಗಿಸಿಕೊಂಡು ನಿಲ್ಲಬೇಕು. ಆಮ್ಯಾಲ ನೀರು ಕೊಟ್ಟರ ಮೈತುಂಬ ಹೂವು ಬಿಡತೈತಿ. ನಡುವ ನೀರು ಸಿಕ್ಕರ ಎಲಿ ಬಿಟ್ಟುಕೊಂಡು ಆರಾಮ ಇರತೈತಿ."

"ಮದ್ಲ ಯಾಕ ಹೇಳಲಿಲ್ಲ?"

"ಬ್ಯಾಡ ಅಂದೆ. ಯಾಕ ಅಂತ ಹೇಳಲಿಲ್ಲ. ನಂದೂ ತಪ್ಪ ಐತಿ ಬಿಡು. ಹೋಗಲಿ, ಒಂದು ವರ್ಷ ಕಾಯಿ ಬರಲಿಲ್ಲಂದ್ರ ಏನಾತು?"

"ಅವ್ವ ಬರಂಗಿಲ್ಲ!"

ಬಸ್ಸಿನ ಹತ್ತಿರ ಅವ್ವ ಹೇಳಿದ ಮಾತನ್ನು ಭಾಗ್ಯ ಬಿಕ್ಕುತ್ತ ಬಿಕ್ಕುತ್ತ ಹೇಳಿದಳು. ಈ ಸಲ ಅಜ್ಜಿ ತಮಾಷೆ ಮಾಡಲಿಲ್ಲ. ಒಳಗೆ ಹೋಗಿ ಫೋನ್ ತಂದು, ಪುಣೆಗೆ ಹಚ್ಚಿ ಭಾಗ್ಯಳ ಕೈಗೆ ಕೊಟ್ಟರು.

ಆ ಕಡೆ ಕಾಂಕ್ರೀಟ್ ಮಷೀನಿನ ಗಡಗಡ ಸದ್ದು. "ಅವ್ವಾ, ಗಿಡದಾಗ ಕಾಯಿ ಆಗಂಗಿಲ್ಲಂತ. ನಾನ ನೀರು ಹಾಕಿ ಕೆಡಿಸೀನಿ," ಎಂದಳು ಭಾಗ್ಯ.

ಅವ್ವ ಸ್ವಲ್ಪ ದೂರ ನಡೆದಿರಬೇಕು. ಮಷೀನಿನ ಸದ್ದು ಕಡಿಮೆಯಾಯಿತು.

"ಅಯ್ಯ ನನ್ನವ್ವಾ! ಜೂನ್‌ದಾಗ ಮಿರಗಾ ಮಳಿ ಬಿದ್ದರ ಹೊಲ ಬಿತ್ತಾಕ ನಾವು ಬರಲೇಬೇಕಲ್ಲ. ಆ ಹೊತ್ತಿಗೇ ನಿಂಬಿಕಾಯಿ ಆಗ್ತಾವು. ನೀ ದಿನ ಎಣಿಸಿಕೋತ ಅಳಬಾರದು ಅಂತ ಹಂಗ ಅಂದೆ. ಕಾಯಿ ಇಲ್ಲಿ ಸಂತ್ಯಾಗೂ ಸಿಗ್ತಾವು, ಹುಚ್ಚಿ."

"ಮತ್ತ ಬರ್ತೀಯಲ್ಲ?"

"ಬರ್ತೀನಿ," ಎಂದಳು ಅವ್ವ. ಅಷ್ಟರಲ್ಲಿ ವಿನಯ ಫೋನ್ ಕಿತ್ತುಕೊಂಡು "ಅಕ್ಕಾ, ಇಲ್ಲಿ ಲಿಫ್ಟ್ ಐತಿ!" ಎಂದು ಕೂಗಿದ.

ಭಾಗ್ಯ ನಂಬಿದಳು. ಆದರೂ ಪೂರ್ತಿ ನಂಬಲಿಲ್ಲ. ಬೇಸಿಗೆಯಿಡೀ ಬಾಳೆಗೆ ದಿನಾ, ನಿಂಬೆಗೆ ಮೂರು ದಿನಕ್ಕೊಮ್ಮೆ ನೀರು ಹಾಕುತ್ತ, ಎಲೆಗಳ ನಡುವೆ ಒಂದಾದರೂ ಕಾಯಿ ಇದೆಯೇ ಎಂದು ಹುಡುಕುತ್ತಲೇ ಇದ್ದಳು.

ಜೂನ್ ತಿಂಗಳಲ್ಲಿ ಮಳೆ ಬಿತ್ತು. ಮರುದಿನ ಸಂಜೆ ಅವ್ವ, ಅಪ್ಪ, ವಿನಯ ಒದ್ದೆಯಾಗಿ ಬಂದು ಬಾಗಿಲಲ್ಲಿ ನಿಂತರು. ಅವ್ವ ಗಂಟು ಇಳಿಸಿ ಕೈಕಾಲು ತೊಳೆದಳು. ನೇರವಾಗಿ ಬಂದು ಭಾಗ್ಯಳನ್ನು ಎದುರಿಗೆ ಕೂರಿಸಿಕೊಂಡಳು. ಅಜ್ಜಿ ಹಾಕಿದ್ದ ಜಡೆ ಬಿಚ್ಚಿ ಬಾಚತೊಡಗಿದಳು.

ಭಾಗ್ಯ ಕಾದಳು. ಅವ್ವ ಗಿಡದ ಸುದ್ದಿ ಎತ್ತಲಿಲ್ಲ. ಕಡೆಗೆ ಅವಳೇ ಕೇಳಿದಳು.

"ಅವ್ವಾ, ನಿಂಬಿಗಿಡ ನೋಡಂಗಿಲ್ಲೇನು?"

"ನೋಡಿದರಾತು ಬಿಡು. ಅದೆಲ್ಲಿ ಓಡಿ ಹೋಗತೈತಿ? ಎಷ್ಟು ಉದ್ದ ಬೆಳದಾವ ನಿನ್ನ ಕೂದಲು! ಈ ಕಡಿ ತಿರುಗು."

ಭಾಗ್ಯ ತಿರುಗಿ ಕುಳಿತಳು. ಸಿಕ್ಕು ಬಿಡಿಸುವಾಗ ಬಹಳ ನೋಯುತ್ತಿತ್ತು. ಅವಳು ಒಮ್ಮೆಯೂ "ಸಾಕು" ಅನ್ನಲಿಲ್ಲ.